ತೈಸ್ತೊ ಹಳೆಯ ಸರ್ವರ್ ಅನ್ನು ಕಳಿಸಿಕೊಟ್ಟದ್ದು

ಕುವೊಪಿಯೊ ಊರಿನ ದಾದಿಯರು ಬೆಳಿಗ್ಗೆ ಫೋನ್ ತೆರೆದರೆ, ಆ ದಿನ ಯಾವ ಅಜ್ಜಿಯ ಮನೆಗೆ ಮೊದಲು ಹೋಗಬೇಕೆಂದು ತೋರಿಸುವ ಜಾವಾ ಅಪ್ಲಿಕೇಶನ್ ಒಂದಿದೆ. ಅದನ್ನು ಕಟ್ಟಿದವನು ತೈಸ್ತೊ. ಮಾತು ಕಡಿಮೆ, ಕಾಫಿ ಜಾಸ್ತಿ. ಇಪ್ಪತ್ತು ವರ್ಷ ಎದುರು ಮೇಜಿನಲ್ಲಿ ಕೂತ ಮಾರ್ಕೆತ್ತಾಳಿಗೂ ಹೆಂಡತಿ ತೀರಿಕೊಂಡ ಸುದ್ದಿಯನ್ನು ಅವನು ಹೇಳಿದ್ದು ಒಂದೇ ವಾಕ್ಯದಲ್ಲಿ. ಈ ವಸಂತದಲ್ಲಿ ಅವಳೊಡನೆ ಸ್ವಲ್ಪ ಉದ್ದವಾಗಿಯೇ ಮಾತಾಡಿದ.

"ನಂಗೆ ಮರೆವಿನ ಕಾಯಿಲೆ ಅಂತೆ. ಜೂನ್ ಕೊನೆಗೆ, ಯುಹಾನ್ನುಸ್ ಹಬ್ಬದ ಹೊತ್ತಿಗೆ ಕೆಲಸ ಬಿಡ್ತೀನಿ. ಇಲ್ಲಿ ಯಾರಿಗೂ ಹೇಳ್ಬೇಡ."

ಅಷ್ಟರೊಳಗೆ ಮುಗಿಸಬೇಕಾದ ಒಂದು ಕೆಲಸ ಬಾಕಿಯಿತ್ತು. ಅಪ್ಲಿಕೇಶನ್ನಿನ ಒಳಗೇ ಕೂತು ದಾದಿಯರ ಫೋನುಗಳಿಗೆ ಉತ್ತರ ಕೊಡುತ್ತಿದ್ದ, ಗಂಡುಬೆಕ್ಕಿನ ಹೆಸರು ಹೊತ್ತ ವೆಬ್ ಸರ್ವರ್ ಟಾಮ್‌ಕ್ಯಾಟ್. ಅದನ್ನು ತೆಗೆದು, ಕಚೇರಿಯ ಉಳಿದೆಲ್ಲ ಕಡೆ ಇರುವ ಜೆಟ್ಟಿ ಎಂಬ ಇನ್ನೊಂದು ಸರ್ವರ್ ಅನ್ನು ಕೂರಿಸಬೇಕು. ತೈಸ್ತೊ ತಾನೇ ಕೈಯೆತ್ತಿದ.

"ನಾನೇ ತಂದು ಕೂರಿಸಿದ್ದು. ನಾನೇ ಕಳಿಸಿಕೊಡ್ತೀನಿ."

"ಸಾಕಿದ ಬೆಕ್ಕನ್ನ ಹೊರಗೆ ಹಾಕೋಕೆ ಮನಸ್ಸು ಬರುತ್ತೇನಯ್ಯಾ?" ಎಂದು ಪಕ್ಕದ ಮೇಜಿನವರು ಕಾಲೆಳೆದರು.

ಮಾರ್ಕೆತ್ತಾಳಿಗೆ ಮಾತ್ರ ದಿಗಿಲು. ಭೇಟಿಗಳ ವರದಿ ತಯಾರಿಸುವ ಹಳೆಯ ಲೈಬ್ರರಿಯೊಂದು, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟೊಂದು, ತನ್ನ ಜೊತೆ ಟಾಮ್‌ಕ್ಯಾಟನ್ನೂ ಎಳೆದು ತರುತ್ತಿತ್ತು. ಮುಂಬಾಗಿಲಿಂದ ಕಳಿಸಿದರೂ ಅದು ಹಿತ್ತಿಲಿಂದ ಬಂದು ಕೂರುತ್ತದೆ. ಇದನ್ನು ತೈಸ್ತೊ ಮರೆತು ಎಲ್ಲರೆದುರು ತಬ್ಬಿಬ್ಬಾದರೆ? ಅಯ್ಯೋ, ಇಷ್ಟು ವರ್ಷ ದುಡಿದ ಮನುಷ್ಯ ಹಾಗೆ ಹೋಗಬೇಕೇ? ಅವಳಿಗೆ ತಡೆಯಲಾಗಲಿಲ್ಲ. ಹಿಂದಿನ ದಿನವೇ ಆ ಲೈಬ್ರರಿಯ ಜೊತೆ ಟಾಮ್‌ಕ್ಯಾಟ್ ಬಾರದಂತೆ ನಾಲ್ಕು ಸಾಲು ಕೋಡ್ ಸೇರಿಸಿ, ಏನೂ ಅರಿಯದವಳ ಹಾಗೆ ಮನೆಗೆ ಹೋದಳು.

ಮಾರನೆಯ ದಿನ ಎಲ್ಲರೂ ಸುತ್ತ ನಿಂತಿರಲು, ಪ್ರಯೋಗಕ್ಕೆಂದೇ ಇಟ್ಟ ಕಂಪ್ಯೂಟರಿನಲ್ಲಿ ತೈಸ್ತೊ ಹಳೆಯದನ್ನು ಅಳಿಸಿ, ಹೊಸದನ್ನು ಬರೆದು, ಚಾಲೂ ಮಾಡಿದ. ಪರದೆಯ ಮೇಲೆ ಸಾಲುಗಳು ಓಡಿ ಜೆಟ್ಟಿಯ ಹೆಸರು ಬಂತು. ಚಪ್ಪಾಳೆಯೋ ಚಪ್ಪಾಳೆ! ಎಲ್ಲರೂ ಏಲಕ್ಕಿ ಬನ್ನು ತಿನ್ನಲು ಕಾಫಿ ಕೋಣೆಗೆ ಹೊರಟರು. ತೈಸ್ತೊ ಏಳಲಿಲ್ಲ. ಮಾರ್ಕೆತ್ತಾ ಕೂಡ ಉಳಿದಳು.

"ಹಳೇದೇ ಏಳ್ಬೇಕಿತ್ತು," ಅಂದ. "ವರದಿ ಲೈಬ್ರರೀನ ನಾನಿನ್ನೂ ಮುಟ್ಟೇ ಇಲ್ಲ, ಕೊನೆಗೆ ಅಂತ ಬಿಟ್ಟಿದ್ದೆ."

ತಿದ್ದುಪಡಿಗಳ ಇತಿಹಾಸ ತೆರೆದ. ಯಾರು ಯಾವ ಸಾಲು ತಿದ್ದಿದರೂ ಅಲ್ಲಿ ಹೆಸರು ಬಿದ್ದಿರುತ್ತದೆ. ಜನ್ಮವೆಲ್ಲ ಇದೇ ಕೆಲಸ ಮಾಡಿದ ಮಾರ್ಕೆತ್ತಾ ಗಾಬರಿಯಲ್ಲಿ ಅದನ್ನೇ ಮರೆತಿದ್ದಳು, ನೋಡಿ!

"ನಾನು ಮರೀತೀನಿ ಅಂತ ಹೆದರಿದ್ಯಾ?"

"ಹೂಂ ಕಣೋ. ಜನ ನಿನ್ನ ನೋಡಿ ಪಾಪ ಅನ್ನೋದು ನಂಗೆ ಬೇಡವಾಗಿತ್ತು."

"ಹೆದರಿಕೆ ನಂಗೂ ಇದೆ ಮಾರಾಯ್ತಿ, ದಿನಾ. ಆದ್ರೆ ಇದು ನೆನಪಿತ್ತು. ಇವತ್ತು ಬೆಳಿಗ್ಗೆಯಿಂದ ಖುಷಿಯಾಗಿದ್ದೆ, ಇದೊಂದು ನೆನಪಿದೆ ಅಂತ. ಅದನ್ನೂ ಕಿತ್ಕೊಂಡ್ಯಲ್ಲ."

ಮಾರ್ಕೆತ್ತಾಳ ಕಣ್ಣು ತುಂಬಿತು. ಒಳ್ಳೆಯದು ಮಾಡಲು ಹೋಗಿ ಎಂಥ ಕೆಲಸ ಮಾಡಿದೆನಪ್ಪಾ ಅನ್ನಿಸಿತು. "ತಪ್ಪಾಯ್ತು," ಎಂದು ಮೆಲ್ಲಗೆ ಹೇಳಿ, ತನ್ನ ನಾಲ್ಕು ಸಾಲುಗಳನ್ನು ಹಿಂದಕ್ಕೆ ತೆಗೆದುಕೊಂಡಳು.

ತೈಸ್ತೊ ಮತ್ತೆ ಚಾಲೂ ಮಾಡಿದ. ಟಾಮ್‌ಕ್ಯಾಟ್ ಎದ್ದಿತು. "ಬಂದ್ನಲ್ಲ ಕಳ್ಳ!" ಎಂದು ಮೇಜು ಕುಟ್ಟಿ ನಕ್ಕ. ಅವನು ಹಾಗೆ ನಕ್ಕದ್ದನ್ನು ಅವಳು ನೋಡಿ ಬಹಳ ಕಾಲವಾಗಿತ್ತು. ಆಮೇಲೆ ತನ್ನ ಸಾಲುಗಳನ್ನು ಬರೆಯತೊಡಗಿದ. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆ ಬೆರಳುಗಳು ನಿಂತವು.

ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಪದ ಮಾತ್ರ ಬರುತ್ತಿರಲಿಲ್ಲ. ಮಾರ್ಕೆತ್ತಾ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಳು.

ಕೊನೆಗೆ ತೈಸ್ತೊ ಅವಳ ಕಡೆ ತಿರುಗಿದ. "ಈಗ ಹೇಳು. ಬೆನ್ನ ಹಿಂದೆ ಬೇಡ, ಹೀಗೆ ಪಕ್ಕದಲ್ಲಿ ಕೂತು ಹೇಳು."

ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಪದ ಹೇಳಿದಳು. ಅವನು ಒಂದೊಂದೇ ಅಕ್ಷರ ಒತ್ತಿದ.