ಉಡದಾರದ ಕೀಲಿ

ಮುದಕಪ್ಪ ಮಾಸ್ತರರನ್ನು ಅಡುಗೆಯ ಮೋತಿಬಿ ಮೊದಲು ಕಂಡ ದಿನ ಶಾಲೆಯ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಗದಗು ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು. ಶಿರಹಟ್ಟಿ ಬಸ್ಸಿನಿಂದ ಇಳಿದ ಹೊಸ ಹೆಡ್‌ಮಾಸ್ತರರು ದೋತರ ಎತ್ತಿ ಹಿಡಿದು ನೆಟ್ಟಗೆ ಒಲೆಯ ಬಳಿಗೇ ಬಂದರು.

"ಎಷ್ಟು ಹುಡುಗ್ರು ಉಣ್ಣತಾವ?"

"ನೂರಾ ನಲವತ್ಮೂರು ರಿ. ಬೀರಲಿಂಗಪ್ಪನ ಮಗಗ ವಾಂತಿ ಆಗಿ ಮನಿಗೆ ಹೋದ. ಇವತ್ತ ನೂರಾ ನಲವತ್ತೆರಡು."

"ನೂರಾ ನಲವತ್ತು ಅಂತ ಬರಕೋತೀನಿ. ನೋಡಾಕ ಚಂದ ಇರತೈತಿ."

"ಉಳಿದ ಇಬ್ಬರು ಏನು ಉಣಬೇಕ್ರಿ?"

ಮಾಸ್ತರರು ನಕ್ಕರು. ಮೋತಿಬಿ ನಗಲಿಲ್ಲ. ಅವಳಿಗೆ ಬರುತ್ತಿದ್ದ ಅಕ್ಷರವೆಂದರೆ ತನ್ನ ಸಹಿ ಮಾತ್ರ. ಆದರೆ ಲೆಕ್ಕವನ್ನು ಇದ್ದಿಲಿನಿಂದ ಅಡುಗೆಮನೆಯ ಗೋಡೆಯ ಮೇಲೆ ಗೀರಿ ಇಡುತ್ತಿದ್ದಳು. ಪಡಸಾಲೆಯಲ್ಲಿ ಕುಡಿಯುವ ನೀರಿನ ಎರಡು ಹರವಿಗಳಿದ್ದವು, ಹುಡುಗರಿಗೊಂದು, ಹುಡುಗಿಯರಿಗೊಂದು. ಹರವಿಗೆ ಒಂದು ಕೊಡ ಸುರಿದರೆ ಗೋಡೆಗೆ ಒಂದು ಗೀರು.

ಮಾಸ್ತರರು ಕಳ್ಳರಲ್ಲ. ಶಾಲೆಯ ಒಂದು ಹಿಡಿ ಅಕ್ಕಿ ಅವರ ಮನೆ ಕಂಡಿರಲಿಲ್ಲ. ಅವರಿಗಿದ್ದ ಜಡ್ಡು ಒಂದೇ, ಎಲ್ಲವೂ ಚೊಕ್ಕಟವಾಗಿ ಕಾಣಬೇಕು. ಆ ಜಡ್ಡಿಗೆ ತಕ್ಕ ಹಾಗೆ ಆ ವರ್ಷ ಆರೋಗ್ಯದ ಯೋಜನೆಯೂ ಬಂತು. ಪಾಠ, ಊಟ, ನೀರು, ಅಂಗಳ, ತಂದೆತಾಯಿ, ಎಲ್ಲವನ್ನೂ ಒಟ್ಟಿಗೆ ಸುಧಾರಿಸಿ ಇಡೀ ಶಾಲೆಯನ್ನೇ ಗಟ್ಟಿ ಮಾಡುವುದು, ವರ್ಷದ ಕೊನೆಗೆ ಗದಗಿನಿಂದ ಬಂದು ನೂರು ಅಂಕಕ್ಕೆ ಅಳೆಯುವುದು. ಗಟ್ಟಿ ಮಾಡುವ ಮಾತು ಮಾಸ್ತರರಿಗೆ ಅರ್ಧ ತಿಳಿಯಿತು, ಅಂಕದ ಮಾತು ಪೂರ್ತಿ ತಿಳಿಯಿತು.

ನಳದ ಬಳಿ ಬಲೆಚೀಲದಲ್ಲಿ ಸೋಪು ತೂಗಿತು. ಮುಟ್ಟಿದರೆ ಸವೆಯುತ್ತದೆ, ಯಾರೂ ಮುಟ್ಟಬಾರದು ಎಂದರು. ಹುಡುಗಿಯರಿಗೆ ಮರೆಯಾಗಿದ್ದ ಜಾಲಿಕಂಟಿಗಳನ್ನು ಕಡಿಸಿ ಆ ಜಾಗದಲ್ಲಿ ಅಂಗಳದ ಗೋಡೆ ಎಬ್ಬಿಸಿದರು. ಮೂಲೆಗೆ, ನೆಲಕ್ಕೆಲ್ಲ ಬಿಳಿ ಹಂಚು ಹಾಸಿದ ಪಾಯಖಾನೆ ಕಟ್ಟಿಸಿದರು. ಹಂಚು ಎಷ್ಟು ಬೆಳ್ಳಗಿತ್ತೆಂದರೆ ಅದನ್ನು ಹೊಲಸು ಮಾಡಿಸಲು ಮನಸ್ಸಾಗದೆ ಕೀಲಿ ಜಡಿದು, ಕೀಲಿಕೈಯನ್ನು ತಮ್ಮ ಉಡದಾರಕ್ಕೇ ಕಟ್ಟಿಕೊಂಡರು.

"ಯಾರಿಗೆ ಬೇಕೋ ಅವರು ಬಂದು ಕೇಳಲಿ" ಎಂದರು. ಒಬ್ಬ ಹುಡುಗಿಯೂ ಕೇಳಲಿಲ್ಲ. ಅಗತ್ಯವಿಲ್ಲ ಎಂದು ವಹಿಯಲ್ಲಿ ಬರೆದರು.

ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ಅಡುಗೆಮನೆಯ ಗೋಡೆಯಲ್ಲಿ ಹುಡುಗರ ಕಡೆ ದಿನಕ್ಕೆ ಆರು ಗೀರು, ಹುಡುಗಿಯರ ಕಡೆ ಒಂದು. ಮೋತಿಬಿಯ ಮೊಮ್ಮಗಳು ಕೈನಾತ ಏಳನೆಯ ಇಯತ್ತೆಯಲ್ಲಿದ್ದಳು. ಅವಳಿಗೆ ಉರಿಮೂತ್ರ ಹತ್ತಿತು. ಚೆನ್ನಾಗಿ ನೀರು ಕುಡಿಯಬೇಕೆಂದು ಶಿರಹಟ್ಟಿಯ ಡಾಕ್ಟರು ಹೇಳಿದರು.

"ಕುಡದು ಎಲ್ಲಿಗೆ ಹೋಗ್ಲಿ ದಾದಿ?" ಎಂದು ಕೈನಾತ ಅಜ್ಜಿಯನ್ನು ಕೇಳಿದಳು.

ಅವಳ ತಾಯಿ ಗುಲ್ನಾಜ ಖಡಾಖಂಡಿತವಾಗಿ ಹೇಳಿದಳು: "ಈ ತಿಂಗಳದಾಗ ಆ ಕೀಲಿ ತೆಗೀಲಿಲ್ಲಂದ್ರ ಈಕಿ ಶಾಲಿ ಬಿಡಸ್ತೀನಿ."

ಮೋತಿಬಿ ಮಾಸ್ತರರಿಗೆ ಎರಡು ಸಲ ಹೇಳಿದಳು. "ಅಳಿಯೂದು ಮುಗೀಲಿ ಮೋತಿಬಿ, ಆಮ್ಯಾಲ ತೆಗಿಯೂಣು" ಎಂದರು. ಅಳೆಯುವ ದಿನಕ್ಕೆ ನಾಲ್ಕು ದಿನವಿರುವಾಗ ಅಡುಗೆಮನೆಗೆ ಸುಣ್ಣವನ್ನೂ ಹೊಡೆಸಿದರು. ಹತ್ತು ತಿಂಗಳ ಗೀರು ಹೋಯಿತು. ಮೋತಿಬಿ ಮರುದಿನವೇ ಬಿಳಿ ಗೋಡೆಯ ಮೇಲೆ ಮತ್ತೆ ಗೀರತೊಡಗಿದಳು.

ಅಳೆಯಲು ಗದಗಿನಿಂದ ಅನ್ನಪೂರ್ಣ ಅಕ್ಕಾರು ಬಂದರು. "ದಿನಕ್ಕ ಎಷ್ಟು ಸಲ..." ಎನ್ನುವಷ್ಟರಲ್ಲಿ ಮಕ್ಕಳು ಒಂದೇ ದನಿಯಲ್ಲಿ "ಐದು ಸಲ" ಎಂದವು. ಕೈ ತೊಳೆಯುವುದೋ, ಮತ್ತೊಂದೋ, ಕೇಳಬೇಕಾಗಿರಲಿಲ್ಲ. ಸೋಪಿನ ಮೇಲಿನ ಅಚ್ಚು ಇನ್ನೂ ಓದುವಂತಿತ್ತು. ಅಕ್ಕಾರು ಎಲ್ಲಕ್ಕೂ ಸರಿ ಗುರುತು ಹಾಕುತ್ತ, ಶಾಲೆಯ ಕಮಿಟಿಯವರು ಕೊಟ್ಟ ಚಹಾ ಮೂರು ಕಪ್ಪು ಕುಡಿದರು. ಕುಡಿದು ಅರ್ಧ ತಾಸಿಗೆ ಅಡುಗೆಮನೆಗೆ ಬಂದು ದನಿ ಇಳಿಸಿ ಕೇಳಿದರು, "ಅಮ್ಮಾ, ಹೆಣ್ಮಕ್ಕಳಿಗೆ ಎಲ್ಲೈತಿ?"

"ಮೂಲ್ಯಾಗ ಐತ್ರಿ. ಕೀಲಿ ಹೆಡ್‌ಮಾಸ್ತರ ಉಡದಾರದಾಗ ಐತಿ. ಕೇಳ್ರಿ."

ಅಕ್ಕಾರು ಹೊರಗೆ ಇಣುಕಿದರು. ಮಾಸ್ತರರ ಜೊತೆ ಕಮಿಟಿಯ ಐದು ಮಂದಿ ಗಂಡಸರು ಕುಳಿತಿದ್ದರು. "ಹೆಂಗ ಕೇಳಲಿ..." ಎಂದರು.

"ನಮ್ಮ ಕೈನಾತಗ ಹನ್ನೆರಡು ವರ್ಷ ರಿ" ಎಂದು ಮೋತಿಬಿ ಗೋಡೆಯ ಗೀರು ತೋರಿಸಿದಳು. "ಇದು ಹುಡುಗ್ರ ನೀರು, ಇದು ಹುಡುಗ್ಯಾರದು. ನಾಕು ದಿನದ್ದು."

ಅಕ್ಕಾರು ಗೀರುಗಳನ್ನು ಎಣಿಸಿದರು. ಬಹಳ ಹೊತ್ತು ನಿಲ್ಲುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಮೋತಿಬಿಯೇ ಹೊರಗೆ ಹೋಗಿ ಕಮಿಟಿಯ ಮುಂದೆ ನಿಂತಳು.

"ಸರ, ಕೀಲಿ ಕೊಡ್ರಿ. ಅಕ್ಕಾರಿಗೆ ಬೇಕಾಗೈತಿ."

ಮಾಸ್ತರರು ಗೋಡೆಗೆ ಮುಖ ಮಾಡಿ ಗಂಟು ಬಿಚ್ಚತೊಡಗಿದರು. ವರ್ಷವಿಡೀ ಸ್ನಾನದಲ್ಲಿ ನೆನೆದು ಬಿಗಿದ ಗಂಟು ಬಿಚ್ಚಲಿಲ್ಲ. ಮೋತಿಬಿ ಚೂರಿ ತಂದಳು.

"ಉಡದಾರ ಹರಿಯಾಕ ನಾ ಏನ್ ಸತ್ತೀನೇನು?"

"ಹಂಗಾರ ನೀವ ನಡೀರಿ."

ಮಾಸ್ತರರು ನಡೆದರು. ಬಾಗಿಲಿಗೆ ಹೊಟ್ಟೆ ಆನಿಸಿ, ತುದಿಗಾಲಲ್ಲಿ ನಿಂತು, ಸೊಂಟವನ್ನೇ ಕೀಲಿಯವರೆಗೆ ಎತ್ತಿ ಕೀಲಿಕೈ ತಿರುವಿದರು. ಹಿಂದೆ ಗದಗಿನ ಅಕ್ಕಾರು ಸೆರಗು ಬಾಯಿಗೆ ಒತ್ತಿ ನಿಂತಿದ್ದರು, ಅವರ ಹಿಂದೆ ಕಮಿಟಿ, ಕಿಟಕಿಗಳಲ್ಲಿ ನೂರಾ ನಲವತ್ಮೂರು ಮಕ್ಕಳು. ಅಂದು ಯಾರೂ ತಪ್ಪಿಸಿರಲಿಲ್ಲ.

ಅಂದು ಸಂಜೆಯೇ ಮಾಸ್ತರರು ಮನೆಯಲ್ಲಿ ಎಣ್ಣೆ ಹಚ್ಚಿ ಗಂಟು ಬಿಚ್ಚಿದರು. ಮರುದಿನದಿಂದ ಕೀಲಿಕೈ ಅಡುಗೆಮನೆಯ ಮೊಳೆಗೆ ಬಂತು. ಅಕ್ಕಾರ ಫಾರ್ಮಿನಲ್ಲಿ ಹರವಿಯ ನೀರಿಗೆ ಜಾಗವಿರಲಿಲ್ಲ. ಗೀರುಗಳನ್ನು ಅಂಚಿನಲ್ಲಿ ಬರೆದುಕೊಂಡು ಹೋದರು. ಅಂಚನ್ನು ಯಾರು ಓದುತ್ತಾರೆ? ಆ ವರ್ಷ ಶಾಲೆಗೆ ತೊಂಬತ್ತೆರಡು ಅಂಕ ಬಂದವು. ಮರುವರ್ಷ ಅಳೆಯಲು ಬಂದವರು ಬೇರೆ. ಸೋಪು ಸವೆದಿದೆ, ಹಂಚಿಗೆ ಕಲೆ ಬಿದ್ದಿದೆ ಎಂದು ಅರವತ್ತೊಂದು ಕೊಟ್ಟು, ಮಾದರಿ ಶಾಲೆಯ ಫಲಕವನ್ನು ಪಾಯಖಾನೆಗೆ ಕೀಲಿ ಜಡಿದ ಇನ್ನೊಂದು ಶಾಲೆಗೆ ಹಾಕಿಸಿದರು. ಕೈನಾತ ಅಷ್ಟರಲ್ಲಿ ಏಳನೆಯದು ಮುಗಿಸಿ ಹೈಸ್ಕೂಲು ಸೇರಿದ್ದಳು.

ನಿವೃತ್ತಿಯ ದಿನ ಮಾಸ್ತರರು ಕೊರಳ ಹಾರದೊಂದಿಗೇ ಅಡುಗೆಮನೆಗೆ ಬಂದರು. ಕೈಯಲ್ಲಿ ವಹಿಯ ಕೊನೆಯ ಹಾಳೆ ತೆರೆದಿತ್ತು.

"ಇವತ್ತ ಹುಡುಗ್ಯಾರ ಹರವಿಗೆ ಎಷ್ಟು ಕೊಡ ಆತು?"

"ನಾಕೂವರಿ ರಿ."

ಮಾಸ್ತರರು ಪೆನ್ನು ಹಿಡಿದು ಗೋಡೆಯ ಕಡೆ ನೋಡಿದರು. ಕೊನೆಯ ಗೀರು ಉಳಿದವುಗಳ ಅರ್ಧದಷ್ಟೇ ಇತ್ತು.

"ನಾಕೂವರಿ ಅಂತನ ಬರೀಲೇನು, ಮೋತಿಬಿ?"