ಅಸಿಟೋನಿನಲ್ಲಿ ಕರಗಿದ ದೇವಿಯ ಅರಿಶಿನ

ಅಪ್ಪನ ಕಾಲದಿಂದಲೂ ಭದ್ರಾವತಿಯ ನಮ್ಮ ಬೀದಿಯ ದೇವಿ ಗುಡಿಗೆ ಮನೆಯಲ್ಲೇ ಬೀಸಿದ ಅರಿಶಿನ ಕೊಡುವವರು ನಾವು. ಈ ಸಲ ಗುಡಿಯ ಸಮಿತಿಯವರು ಅದನ್ನು ಪರೀಕ್ಷೆಗೆ ಕಳಿಸಿದಾಗ, ಕಲಬೆರಕೆ ಇರಬಹುದೆಂದು ಶಿವಮೊಗ್ಗದ ಪ್ರಯೋಗಾಲಯವೊಂದು ಬರೆದುಕೊಟ್ಟಿತು. ಸಮಿತಿಯವರು, "ಇನ್ನು ತರಬೇಡಿ" ಅಂದುಬಿಟ್ಟರು. ನನಗೆ ಊಟ ಸೇರಲಿಲ್ಲ. ಮರುದಿನವೇ ಶಿವಮೊಗ್ಗದ ಬಸ್ಸು ಹತ್ತಿದೆ.

ಪರೀಕ್ಷೆ ಮಾಡಿದ ಹುಡುಗಿ ಸಮಾಧಾನದಿಂದಲೇ ಬಿಡಿಸಿ ಹೇಳಿದಳು. ಅರಿಶಿನವನ್ನು ಒಂದು ದ್ರವದಲ್ಲಿ ಕರಗಿಸಿ ಬೆಳಕು ಹಾಯಿಸುತ್ತಾರಂತೆ. ಅದು ಯಾವ ಬೆಳಕನ್ನು ಹೆಚ್ಚು ಹೀರುತ್ತದೋ ಅಲ್ಲಿ ಯಂತ್ರದ ಗೆರೆ ಮೇಲೇರುತ್ತದಂತೆ.

"ನಿಮ್ಮ ಅರಿಶಿನದ್ದು ಪುಸ್ತಕದಲ್ಲಿರೋ ಜಾಗದಲ್ಲಿ ಏರಿಲ್ಲ ಅಂಕಲ್. ಪಕ್ಕಕ್ಕೆ ಸರಿದಿದೆ."

"ಯಾವುದ್ರಲ್ಲಿ ಕರಗಿಸಿದ್ರಿ ತಾಯಿ?"

"ಪುಸ್ತಕದಲ್ಲಿ ಆಲ್ಕೋಹಾಲ್ ಅಂತಿದೆ. ದೇವರ ಅರಿಶಿನ ಅಲ್ವಾ, ಮನಸ್ಸು ಬರ್ಲಿಲ್ಲ. ಅಸಿಟೋನ್ ಹಾಕ್ದೆ."

"ಹಂಗಂದ್ರೆ?"

"ಉಗುರುಬಣ್ಣ ಅಳಿಸ್ತಾರಲ್ಲ, ಅದು."

ನನ್ನ ಮೈಯೆಲ್ಲ ಉರಿಯಿತು. "ದ್ರವ ಬದಲಾದ್ರೂ ಗೆರೆ ಅಲ್ಲೇ ಏರುತ್ತಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಇಲ್ಲ... ಸ್ವಲ್ಪ ಸರಿಯುತ್ತೆ."

"ದೇವಿಗೆ ಮೈಲಿಗೆ ಆಗ್ಬಾರ್ದು ಅಂತ ಅಷ್ಟೆಲ್ಲ ಯೋಚನೆ ಮಾಡಿದ್ರಿ. ನನ್ನನ್ನ ಕಳ್ಳ ಅಂತ ಬರೆಯೋವಾಗ ಕೈ ನಡುಗಲಿಲ್ವಾ?"

ಅವಳು ಅರಿಶಿನದ ಪೊಟ್ಟಣ ಮತ್ತೆ ಕೈಗೆತ್ತಿಕೊಂಡಳು. "ಈಗ್ಲೇ ಇನ್ನೊಂದ್ಸಲ ಮಾಡ್ತೀನಿ ಅಂಕಲ್. ಆದ್ರೆ ಆಲ್ಕೋಹಾಲೇ ಹಾಕ್ಬೇಕಾಗುತ್ತೆ."

"ಹಾಕಿ ತಾಯಿ, ಧಾರಾಳವಾಗಿ ಹಾಕಿ."

ಹೆಂಡದಂಗಡಿ ಕಂಡರೆ ರಸ್ತೆ ದಾಟಿ ನಡೆಯುವ ನಾನು ಅಂದು ಆ ಆಲ್ಕೋಹಾಲಿನ ಮುಂದೆ ಕೈಮುಗಿದು ನಿಂತಿದ್ದೆ. ಗೆರೆ ಪುಸ್ತಕದ ಜಾಗದಲ್ಲೇ ಏರಿತು. ಸೇವೆ ಮತ್ತೆ ನಡೆಯುತ್ತಿದೆ. ಯಾವುದರಲ್ಲಿ ಕರಗಿಸಿದರೆಂದು ಸಮಿತಿಯವರು ಕೇಳಿಲ್ಲ, ನಾನೂ ಹೇಳಲು ಹೋಗಿಲ್ಲ.