ಮೊದಲು ಮೇಲಿನ ಹಲ್ಲು

ಹುಲಿಯ ಹಲ್ಲಿಗೆ ಹೆದರುವವರಿದ್ದಾರೆ, ಹಾವಿನ ಹಲ್ಲಿಗೆ ಹೆದರುವವರಿದ್ದಾರೆ. ನಾನು ಹೆದರಿದ್ದು ಒಂದು ಕೂಸಿನ ಹಲ್ಲಿಗೆ. ಅದೂ ಎಂಥ ಹಲ್ಲು? ಅಕ್ಕಿಯ ನುಚ್ಚಿನಷ್ಟು ಕಾಣುವ ಹಾಲುಹಲ್ಲು. ಆಗ ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಗ್ರಹಣದ ಹೊತ್ತಿನಲ್ಲಿ ಹುಡುಗರ ಎದುರು ಬೇಕೆಂದೇ ಚುರುಮುರಿ ತಿಂದು ತೋರಿಸಿದ ಧೀರ. ಆದರೂ ಹೆದರಿದೆ, ಯಾಕೆಂದರೆ ಆ ಕೂಸಿಗೆ ನಾನು ಸೋದರಮಾವ.

ನಮ್ಮ ಕಡೆ ಕೂಸಿಗೆ ಮೊದಲು ಕೆಳಗಿನ ಹಲ್ಲು ಬರಬೇಕು. ಮೇಲಿನದು ಮೊದಲು ಬಂತೋ, ಸೋದರಮಾವನಿಗೆ ಕಂಟಕ. ಅಪ್ಪನಿಗಲ್ಲ, ಕಾಕಾನಿಗಲ್ಲ, ದಿನವೂ ಜಗಳ ತೆಗೆಯುವ ಬಾಜೂ ಮನೆಯವನಿಗೂ ಅಲ್ಲ; ಹಬ್ಬಕ್ಕೊಮ್ಮೆ ಉಡುಗೊರೆ ಹಿಡಿದು ಬರುವ ಬಡಪಾಯಿ ಸೋದರಮಾವನಿಗೇ. ಪುರಾಣಗಳಲ್ಲಿ ಸೋದರಮಾವಂದಿರು ಮಾಡಿದ ಕೆಲಸಗಳನ್ನು ನೆನೆದರೆ ಈ ಶಿಕ್ಷೆ ಪೂರ್ತಿ ಅನ್ಯಾಯವೆನ್ನಲೂ ಬಾರದು. ಆದರೆ ನಾನು ಅಂಥದೇನನ್ನೂ ಮಾಡಿರಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ನಾನು ಒಯ್ದ ಕುಂಚಿಗೆ ಕೂಸಿನ ತಲೆಗೆ ಸಣ್ಣದಾಗಿತ್ತು, ಅಷ್ಟೇ ನನ್ನ ಅಪರಾಧ.

ಅಕ್ಕ ನೀಲವ್ವನನ್ನು ಹುಕ್ಕೇರಿ ತಾಲೂಕಿನ ದಡ್ಡಿಗೆ ಕೊಟ್ಟಿತ್ತು. ಅಪ್ಪ ಅವ್ವ ತೀರಿಕೊಂಡಿದ್ದರು. ಅವಳಿಗೆ ತವರು ಅಂದರೆ ನಾನೊಬ್ಬನೇ, ಒಂದು ಬಾಡಿಗೆಯ ಖೋಲಿ ಮತ್ತು ಒಂದು ಸ್ಟೋವ್. ಬಹಳ ವರ್ಷ ಕಾದು, ಹರಕೆ ಹೊತ್ತು, ಅಕ್ಕ ಹಡೆದ ಮಗ ಅವನು. ಒಂದು ಸಂತೆಯ ದಿನ ದಡ್ಡಿಯಿಂದ ಬಸಪ್ಪ ಕಾಕಾ ನನ್ನ ಖೋಲಿಗೆ ಬಂದರು. ಅವರು ಅಕ್ಕನ ಮನೆಯ ಬಾಜೂದವರು. ಕುಳಿತುಕೊಳ್ಳದೆ, ಚಹಾನೂ ಬೇಡವೆಂದು, ಬಾಗಿಲಲ್ಲೇ ನಿಂತು ಹೇಳಿದರು:

"ಮಾಸ್ತರ, ನೀವು ಸದ್ಯ ನಮ್ಮೂರಿಗೆ ಬರಬ್ಯಾಡ್ರಂತ. ಅಕ್ಕಾರು ಹೇಳಿ ಕಳಸ್ಯಾರ. ಕೂಸಿಗೆ ಮ್ಯಾಲಿನ ಹಲ್ಲ ಮೊದಲ ಬಂದಾವ್ರಿ."

ನಾನು ನಕ್ಕೆ. ನಕ್ಕ ಮೇಲೆ ಯಾಕೋ ಗೋಡೆ ಹಿಡಿದುಕೊಂಡು ಕುಳಿತೆ.

ಅದೇ ಸಂಜೆ ನಮ್ಮೂರ ದವಾಖಾನೆಯ ಡಾಕ್ಟರ ಬಳಿಗೆ ಹೋದೆ. ಅವರು ಇಡೀ ಬಾಯಿ ತೆರೆದು ನಕ್ಕು, ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದುಕೊಟ್ಟರು. ಓದುತ್ತ ಹೋದಂತೆ ನನ್ನ ಹೆದರಿಕೆ ಮೂಲೆಗೆ ಸರಿದು, ಅದರ ಜಾಗದಲ್ಲಿ ಎಂಥದೋ ಹುರುಪು ಬಂದು ಕುಳಿತಿತು. ಏನು ಸೋಜಿಗ ಅಂತೀರಿ! ಬೊಚ್ಚುಬಾಯಿ ಎಂದು ನಾವು ಮುದ್ದಿಸುವ ಕೂಸಿನ ಬಾಯಿ ಖಾಲಿಯೇ ಅಲ್ಲ. ಹುಟ್ಟುವಾಗಲೇ ಒಸಡಿನೊಳಗೆ ಹಲ್ಲುಗಳು ಬೀಜದ ಹಾಗೆ ಬಿತ್ತಿಕೊಂಡಿರುತ್ತವೆ. ಕೆಳದವಡೆ ಆಗ ತುಸು ಹಿಂದಕ್ಕೆ ಇರುತ್ತದೆ. ಹಾಲು ಕುಡಿಯುತ್ತ ಕುಡಿಯುತ್ತ, ಆ ಎಳೆದಾಟದಲ್ಲೇ ಮುಂದೆ ಬರುತ್ತದೆ. ಆರೇಳು ತಿಂಗಳಿಗೆ ಸಾಮಾನ್ಯವಾಗಿ ಕೆಳಗಿನ ಎರಡು ಮುಂಬಲ್ಲು, ಆಮೇಲೆ ಮೇಲಿನವು, ಎರಡೂವರೆ ವರ್ಷದ ಹೊತ್ತಿಗೆ ಇಪ್ಪತ್ತರ ಸಂಸಾರ. ಮೇಲಿನ ಸಾಲು ಕೆಳಗಿನ ಸಾಲನ್ನು ಡಬ್ಬಿಯ ಮುಚ್ಚಳದ ಹಾಗೆ ತುಸುವೇ ಮುಚ್ಚಿ ಕುಳಿತರೆ ಹಲ್ಲಿಗೆ ಹಲ್ಲು ಸರಿಯಾಗಿ ಕೂಡಿದೆ ಎಂದು ಅರ್ಥ. ಹಾಲುಹಲ್ಲುಗಳ ನಡುವೆ ಸಂದಿ ಇದ್ದರೆ ತಾಯಂದಿರು ಕೊರಗುತ್ತಾರೆ. ಕೊರಗಬಾರದು, ಹಿಗ್ಗಬೇಕು! ಮುಂದೆ ಬರುವ ದೊಡ್ಡ ಹಲ್ಲುಗಳಿಗಾಗಿ ಹಿಡಿದಿಟ್ಟ ಜಾಗ ಅದು. ಸರ್ವಿಸ್ ಗಾಡಿಯಲ್ಲಿ ಟವೆಲ್ ಹಾಸಿ ಜಾಗ ಹಿಡಿಯುವುದನ್ನು ನಾವು ಕಲಿತದ್ದೇ ಬಾಯಿಂದ ಇರಬೇಕು.

ನನ್ನ ಹುರುಪಿಗೆ ಗೋಕಾಕದ ಮಕ್ಕಳೆಲ್ಲ ಬಲಿಯಾದರು. ಓಣಿಯಲ್ಲಿ ಸಿಕ್ಕ ಸಿಕ್ಕ ಹುಡುಗರಿಗೆ "ಬಾಯಿ ತೆರಿ" ಎನ್ನತೊಡಗಿದೆ. ಆರು ವರ್ಷದ ಒಬ್ಬಳ ಬಾಯಲ್ಲಿ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಯಾರಿಗೂ ಹೇಳದೆ ಕೇಳದೆ ಒಂದು ದವಡೆಹಲ್ಲು ಬಂದು ಕೂತಿತ್ತು. ಅವಳ ತಾಯಿ ಅದನ್ನೂ ಬೀಳುವ ಹಲ್ಲು ಎಂದೇ ತಿಳಿದಿದ್ದಳು. "ಅವ್ವಾರ, ಇದು ಜೀವಮಾನದ ಹಲ್ಲರೀ! ಬೆಲ್ಲ ತಿಂದ ಮ್ಯಾಲೆ ಬಾಯಿ ಮುಕ್ಕಳಸಾಕ ಹಚ್ಚರಿ" ಎಂದು ನಾನು ಕೂಗಿದ ರೀತಿಗೆ ಆಕೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಎಂಟು ವರ್ಷದವರ ಮೇಲಿನ ಮುಂಬಲ್ಲುಗಳು ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿ ನಿಂತಿರುವುದನ್ನು ಕಂಡು, ಕೋರೆಹಲ್ಲು ಬರುವತನಕ ತಡೆಯಿರಿ, ಬಹಳಷ್ಟು ಮಂದಿಗೆ ತಾನೇ ನೆಟ್ಟಗಾಗುತ್ತದೆ ಎಂದು ಧೈರ್ಯ ಹೇಳಿದೆ. ಹಲ್ಲು ಮಾಸ್ತರ ಎಂಬ ಹೆಸರು ನನಗೆ ಬಿದ್ದದ್ದು ಆ ವಾರವೇ.

ಆದರೆ ಆ ಪುಸ್ತಕದಲ್ಲಿ ನಾನು ಮೂರು ಸಲ ಓದಿದ್ದು ಒಂದೇ ಸಾಲು: ಕೆಲವು ಆರೋಗ್ಯವಂತ ಮಕ್ಕಳಿಗೆ ಮೇಲಿನ ಹಲ್ಲು ಮೊದಲು ಬರುವುದುಂಟು. ಅಷ್ಟೇ. ಸೋದರಮಾವನ ಪ್ರಸ್ತಾಪವೇ ಇಲ್ಲ. ಖುಷಿಯಿಂದ ಇದನ್ನು ನಮ್ಮ ಡ್ರಾಯಿಂಗ್ ಮಾಸ್ತರರಿಗೆ ಹೇಳಿದೆ. ಅವರು ಮೂಡಲಗಿಯವರು, ಯಾವ ಮಾತಿಗೂ ಊರಿನದೊಂದು ಸಾಕ್ಷಿ ಇಟ್ಟುಕೊಂಡವರು. "ಪುಸ್ತಕದಾಗ ಬರದಿಲ್ಲಂದ್ರ ಸುಳ್ಳಾತೇನ್ರಿ? ನಮ್ಮೂರಾಗ ಒಬ್ಬ ಸೋದರಮಾಂವ ಇದ ಕಾರಣಕ್ಕ ಮಾಳಗಿ ಮ್ಯಾಲಿಂದ ಬಿದ್ದ" ಎಂದರು. ನನ್ನ ಎದೆ ಝಲ್ಲೆಂದಿತು. ಕೆದಕಿ ಕೇಳಿದಾಗ, ಬಿದ್ದ ದಿನ ಅಳಿಯನ ವಯಸ್ಸು ಇಪ್ಪತ್ತೆರಡು, ಮಾಳಿಗೆ ಹತ್ತಿದ್ದು ಅವನದೇ ಮದುವೆಯ ಚಪ್ಪರ ಹಾಕಲಿಕ್ಕೆ ಎಂದು ತಿಳಿಯಿತು. ಹಲ್ಲು ಅಷ್ಟು ವರ್ಷ ತಾಳ್ಮೆಯಿಂದ ಕಾದಿತ್ತು ಅನ್ನಿ.

ಹೀಗೆ ನಗುತ್ತಲೇ ನಾನು ದಡ್ಡಿಗೆ ಹೋಗುವುದನ್ನು ಮುಂದೆ ಹಾಕುತ್ತಿದ್ದೆ. ಮುಂದಿನ ಸಂತೆಗೆ ಬಸಪ್ಪ ಕಾಕಾ ಮತ್ತೆ ಸಿಕ್ಕರು. ಕೂಸು ಹೇಗಿದೆ ಎಂದೆ.

"ಕೂಸು ಆರಾಮ ಐತ್ರಿ. ಅಕ್ಕಾರದ ಛಲೋ ಕಾಣವಲ್ದು. ಹಾಲ ಕುಡಸ್ತಾರ, ಅತ್ತಿ ಕೈಯಾಗ ಕೊಟ್ಟ ಬಿಡ್ತಾರ. ಅದು ಬಾಯಿ ತೆರದ್ರ ಮಾರಿ ಆ ಕಡೆ ಹೊಳ್ಳಸ್ತಾರ. 'ಇರೂ ಒಬ್ಬ ತಮ್ಮನ ತಿನ್ನಾಕ ಹುಟ್ಟೀಯೇನೋ' ಅಂತ ಒಮ್ಮೆ ಅಂದ್ರಂತ."

ಆಗ ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಕಂಟಕ ನನಗೆ ಬಂದಿರಲಿಲ್ಲ. ಹರಕೆ ಹೊತ್ತು ಹಡೆದ ಮಗನಿಂದ ತಾಯಿ ಮುಖ ಹೊರಳಿಸುತ್ತಿದ್ದಳು, ನನ್ನ ಮೇಲಿನ ಮಾಯೆಗಾಗಿ. ರವಿವಾರ ಮುಂಜಾನೆಯ ಮೊದಲ ಗಾಡಿ ಹತ್ತಿದೆ. ಖಾಲಿ ಕೈಲಿ ಹೋಗಬಾರದೆಂದು ಎರಡು ಸೇರು ಕರದಂಟು ಕಟ್ಟಿಸಿಕೊಂಡಿದ್ದೆ. ಅಂಟು, ಉತ್ತತ್ತಿ, ಬೆಲ್ಲ ಸೇರಿ ಪಕ್ಕಾ ಹಲ್ಲಿನವರಿಗೂ ಬೆವರಿಳಿಸುವ ಆ ಸಿಹಿಯನ್ನು ಎರಡು ಹಲ್ಲಿನ ಅಳಿಯನಿಗೆ ಒಯ್ಯುತ್ತಿದ್ದೇನೆಂದು ಹೊಳೆದದ್ದು ಅಂಕಲಗಿ ದಾಟಿದ ಮೇಲೆ. ಗಾಡಿ ಕುಲುಕಿದಾಗಲೆಲ್ಲ, ಡ್ರೈವರನಿಗೂ ಹಲ್ಲಿಗೂ ಒಳಸಂಚು ಇದೆಯೇನೋ ಎಂದು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಮಕನಮರಡಿಯಲ್ಲಿ ಇಳಿದು, ದಡ್ಡಿಯ ಕಡೆ ಹೊರಟಿದ್ದ ಚಕ್ಕಡಿ ಹತ್ತಿದೆ.

ಅಂಗಳದಲ್ಲಿ ನನ್ನನ್ನು ಕಂಡ ಅಕ್ಕ ಕೈಯಲ್ಲಿದ್ದ ಮೊರ ಬಿಟ್ಟು ಕೂಗಿದಳು: "ಬರಬ್ಯಾಡಂದಿದ್ನೆಲ್ಲೋ ತಮ್ಮಾ! ಹೊಳ್ಳಿ ಹೋಗು, ನಿನ್ನ ಕಾಲ ಬೀಳ್ತೀನಿ."

ಅವಳ ಅತ್ತೆ ಅನುಭವಸ್ಥೆ. "ಬಂದಾರಂದ ಮ್ಯಾಲೆ ಶಾಸ್ತ್ರ ಮಾಡೂಣು ತಡಿ" ಎಂದು ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಕಂಚಿನ ತಾಟಿನಲ್ಲಿ ಕುಸುಬಿ ಎಣ್ಣೆ ತುಂಬಿ ನನ್ನ ಮುಂದಿಟ್ಟರು. ಸೋದರಮಾವ ಮೊದಲು ಕೂಸಿನ ಮುಖವನ್ನು ಎಣ್ಣೆಯಲ್ಲಿ ನೋಡಬೇಕು. ಹಾಗೆ ನೋಡಿದರೆ ದೋಷ ಎಣ್ಣೆಗೆ ಇಳಿಯುತ್ತದೆ. ವಿಜ್ಞಾನದ ಮಾಸ್ತರ ತಲೆ ತಗ್ಗಿಸಿ ಕುಳಿತ. ಅಕ್ಕ ಕೂಸನ್ನು ತಾಟಿನ ಮೇಲೆ ಬಾಗಿಸಿದಳು. ನಾನು ಎಣ್ಣೆಯೊಳಗೆ ಇಣುಕಿದೆ. ಅಳಿಯನೂ ಇಣುಕಿದ. ಒಳಗೆ ಇನ್ನೊಂದು ಕೂಸು ಕಂಡು ಅವನಿಗೆ ಎಲ್ಲಿಲ್ಲದ ಸಂತೋಷವಾಗಿ, ಎರಡೂ ಕೈಯಿಂದ ತಾಟಿಗೆ ಬಾರಿಸಿದ. ಎಣ್ಣೆಯೆಲ್ಲ ನನ್ನ ಮುಖ, ಅಂಗಿ, ಟೊಪ್ಪಿಗೆ ಮೇಲೆ. ಒರೆಸಿಕೊಳ್ಳಲು ನಾನು ಎತ್ತಿದ ಕೈಯನ್ನು ಹಿಡಿದೆಳೆದು, ತೋರುಬೆರಳನ್ನು ಬಾಯಿಗಿಟ್ಟು, ಇದ್ದ ಎರಡೇ ಹಲ್ಲಿನಿಂದ ಕಚಕ್ಕನೆ ಕಚ್ಚಿದ.

"ಅಯ್ಯಯ್ಯೋ ಸತ್ತೆ!" ಎಂದು ನಾನು ಚೀರಿದೆ. ಆ ಮನೆಯಲ್ಲಿ ಆಗ ಆಡಬಾರದ ಮಾತು ಅದೊಂದೇ. ಅಕ್ಕ ಬೆಳ್ಳಗಾದಳು. ಎಲ್ಲರೂ ಉಸಿರು ಹಿಡಿದು ನನ್ನನ್ನೇ ನೋಡಿದರು. ನಾನು ಸಾಯಲಿಲ್ಲ. ಎಣ್ಣೆ ತೊಟ್ಟಿಕ್ಕಿಸುತ್ತ ಕುಳಿತೇ ಇದ್ದೆ. ಬೆರಳು ಇನ್ನೂ ಅವನ ಬಾಯಲ್ಲೇ ಇದ್ದುದರಿಂದ ಪುಸ್ತಕದ ಹುರುಪು ಮತ್ತೆ ತಲೆಗೇರಿತು. ಕೆಳಗಿನ ಒಸಡನ್ನು ಸವರಿ ನೋಡಿದೆ. ಚರ್ಮದ ಕೆಳಗೆ ಗಟ್ಟಿಯಾದ ಅಂಚು!

"ಕೆಳಗಿನ್ವೂ ಬರಾಕತ್ತಾವ್ರಿ! ನಾಕ ದಿನದಾಗ ಹೊರಗ ಬರ್ತಾವು" ಎಂದು ಕುಣಿದಾಡಿದೆ.

ಅತ್ತೆಯ ಕಣ್ಣು ಮಿಂಚಿತು. "ಹಂಗಾರ ಛಲೋ ಆತು. ಯಾರ ಕೇಳಿದ್ರೂ ಕೆಳಗಿನ್ವ ಮೊದಲ ಬಂದ್ವು ಅಂತ ಹೇಳಿಬಿಡೂಣು. ಮ್ಯಾಲಿನ್ವ ನಮಗ ತಪ್ಪ ಕಂಡಿದ್ವು."

ಎಣ್ಣೆ ಬಳಿದುಕೊಂಡು ಬೆರಳು ಉಜ್ಜಿಕೊಳ್ಳುತ್ತಿದ್ದ ನನ್ನನ್ನು ಅಕ್ಕ ನೋಡಿದಳು. ಕೂಸನ್ನು ನೋಡಿದಳು. ಮಾವನನ್ನು ಕಡಿದ ಗೆಲುವಿನಲ್ಲಿ ಅದು ಬಾಯಿ ಪೂರ್ತಿ ತೆರೆದು ಕೇಕೆ ಹಾಕುತ್ತಿತ್ತು. ಅಕ್ಕ ಈ ಸಲ ಮುಖ ಹೊರಳಿಸಲಿಲ್ಲ. ಅವನನ್ನು ಎತ್ತಿ ಎದೆಗವಚಿಕೊಂಡು, ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ನನಗೂ ಕಣ್ಣು ಉರಿಯಿತು. ಎಣ್ಣೆ ಹೋಗಿತ್ತು ಎಂದು ಹೇಳಿಕೊಂಡೆ.

ನನ್ನ ಚೀರಾಟ ಕೇಳಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಒಬ್ಬಳು ಮೆಲ್ಲಗೆ ಕೇಳಿದಳು: "ನೀಲವ್ವಾ, ಖರೆ ಹೇಳು, ಕೂಸಿಗೆ ಯಾವ ಹಲ್ಲ ಮೊದಲ ಬಂದಾವು?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮಗನನ್ನು ಸೊಂಟಕ್ಕೇರಿಸಿಕೊಂಡು ಹೊಸ್ತಿಲಿಗೆ ನಡೆದಳು.

"ಮ್ಯಾಲಿನ್ವ. ಒಳಗ ಬರ್ರಿ, ನಗಸ್ತೀನಿ, ನೋಡೀರಂತ."